ನೆಲಕ್ಕೆ ಕಿವಿಗೊಟ್ಟ ಊರು

2011ನೆಯ ಇಸವಿ ಮಾರ್ಚ್ 11, ಶುಕ್ರವಾರ. ನಮ್ಮ ಗಡಿಯಾರದಲ್ಲಿ ಬೆಳಗಿನ ಹನ್ನೊಂದು ಗಂಟೆ ಹದಿನಾರು ನಿಮಿಷ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ವ್ಯಾಪಾರ, ಚಿಂತಾಮಣಿಯ ಮಂಡಿಗಳಲ್ಲಿ ತರಕಾರಿಯ ಗಾಡಿಗಳ ಸದ್ದು, ಚಿಕ್ಕಬಳ್ಳಾಪುರದ ಕಚೇರಿಗಳಲ್ಲಿ ಆಗತಾನೆ ಬಿಚ್ಚಿದ ಕಡತಗಳು. ಯಾರ ಕಾಲ ಕೆಳಗಿನ ನೆಲವೂ ಅಲುಗಿದಂತೆ ತೋರಲಿಲ್ಲ. ಆದರೆ ಅದೇ ಗಳಿಗೆಯಲ್ಲಿ ಇಲ್ಲಿಂದ ಸುಮಾರು ಏಳು ಸಾವಿರ ಕಿಲೋಮೀಟರು ದೂರದಲ್ಲಿ, ಜಪಾನಿನ ಪೂರ್ವ ಕರಾವಳಿಯಾಚೆ ಸಮುದ್ರತಳ ಬಿರಿದಿತ್ತು. ಆ ಪೆಟ್ಟಿನ ಮೊದಲ ಅಲೆ ಭೂಮಿಯ ಒಡಲನ್ನು ಹಾದು ಗೌರಿಬಿದನೂರಿನ ಬಂಡೆಯನ್ನು ತಟ್ಟಲು ಬೇಕಾದದ್ದು ಹತ್ತು ನಿಮಿಷಗಳು, ಅದರ ಮೇಲೆ ಕೆಲವು ಸೆಕೆಂಡುಗಳು. ಅಷ್ಟೇ.

ಗೌರಿಬಿದನೂರಿನ ಮಾತನ್ನೇ ಏಕೆ ಎತ್ತಿದೆವೆಂದರೆ, ಆ ಊರಿನ ನೆಲದಲ್ಲಿ ಒಂದು ಕಿವಿ ಇದೆ. ರಾಗಿ, ಕಡಲೆಕಾಯಿ, ಮುಸುಕಿನ ಜೋಳ ಬೆಳೆಯುವ ಹೊಲಗಳ ನಡುವೆ, ಗಟ್ಟಿ ಬಂಡೆ ಸಿಕ್ಕುವ ಕಡೆ ಸಣ್ಣ ಸಣ್ಣ ಗುಂಡಿಗಳನ್ನು ತೋಡಿ ಇಪ್ಪತ್ತು ಭೂಕಂಪಮಾಪಕಗಳನ್ನು ಇಟ್ಟಿದ್ದಾರೆ. ಬಡಗಿಯ ಮೂಲೆಮಟ್ಟವನ್ನು ನೆಲದ ಮೇಲೆ ಮಲಗಿಸಿದಂತೆ ಅವುಗಳ ಜೋಡಣೆ. ಒಂದೊಂದು ಕೈಯೂ ಇಪ್ಪತ್ತು ಕಿಲೋಮೀಟರಿಗೂ ಮಿಗಿಲು ಉದ್ದ. ದೂರದಿಂದ ಬರುವ ಕಂಪನ ಎಲ್ಲ ಗುಂಡಿಗಳನ್ನೂ ಒಂದೇ ಕ್ಷಣದಲ್ಲಿ ಮುಟ್ಟುವುದಿಲ್ಲ. ಯಾವುದಕ್ಕೆ ಮೊದಲು ತಾಗಿತು, ಯಾವುದಕ್ಕೆ ಎಷ್ಟು ಹಿಂದುಮುಂದಾಗಿ ತಾಗಿತು ಎಂಬ ಲೆಕ್ಕದಿಂದ ಅದು ಬಂದ ದಿಕ್ಕನ್ನೂ ದೂರವನ್ನೂ ಹೇಳಬಹುದು. ಎರಡು ಕಿವಿಗಳಿರುವುದರಿಂದಲೇ ನಮಗೆ ಕೂಗು ಯಾವ ಕಡೆಯಿಂದ ಬಂತೆಂದು ತಿಳಿಯುತ್ತದೆಯಷ್ಟೆ? ಇದೂ ಅದೇ ಉಪಾಯ.

ಈ ಕಿವಿಯನ್ನು ಇಟ್ಟದ್ದು 1965ರಲ್ಲಿ, ನಮ್ಮ ಪರಮಾಣು ಶಕ್ತಿ ಇಲಾಖೆಯವರು, ಬ್ರಿಟನ್ನಿನ ಪರಮಾಣು ಶಕ್ತಿ ಪ್ರಾಧಿಕಾರದ ನೆರವಿನೊಡನೆ. ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯದ ವಾರಾಮುಂಗ ಇದರ ಸೋದರಿಯರು. ಭೂಕಂಪಗಳನ್ನು ಅಳೆಯುವುದು ಇವುಗಳ ಮೊದಲ ಉದ್ದೇಶವಾಗಿರಲಿಲ್ಲ. 1963ರ ಒಪ್ಪಂದದಂತೆ ದೊಡ್ಡ ರಾಷ್ಟ್ರಗಳು ಬಯಲಿನಲ್ಲಿ ಅಣುಬಾಂಬು ಸಿಡಿಸುವುದನ್ನು ಬಿಟ್ಟು ನೆಲದಡಿ ಸಿಡಿಸತೊಡಗಿದ್ದವು. ನೆಲದಡಿಯ ಸ್ಫೋಟವನ್ನು ಕದ್ದು ಕೇಳಬೇಕಾದರೆ ನೆಲಕ್ಕೇ ಕಿವಿಗೊಡಬೇಕು. ಬಾಂಬು ಸುತ್ತಲಿನ ಕಲ್ಲನ್ನು ಎಲ್ಲ ದಿಕ್ಕಿಗೂ ಹೊರಕ್ಕೆ ತಳ್ಳುತ್ತದೆ. ಭೂಕಂಪದಲ್ಲಿ ಬಂಡೆಗಳು ಒಂದರ ಮೇಲೊಂದು ಜಾರುತ್ತವೆ. ಎರಡರ ಗೀಟೂ ಬೇರೆ, ಸಹಿಯೂ ಬೇರೆ. ಪ್ರಪಂಚದ ಪ್ರಭುಗಳು ಮುಚ್ಚಿಡಲೆಳಸಿದ್ದನ್ನು ನಮ್ಮ ಬಯಲುಸೀಮೆಯ ಬಂಡೆ ಹೇಳಿಬಿಡುತ್ತದೆ ಎಂಬುದರಲ್ಲಿ ಒಂದು ಬಗೆಯ ಸೊಗಸಿದೆ. ಅದೇ ತಾಲ್ಲೂಕಿನ ಮತ್ತೊಂದು ಮೂಲೆಯಲ್ಲಿ ಆಕಾಶದ ರೇಡಿಯೋ ಅಲೆಗಳನ್ನು ಆಲಿಸುವ ದೂರದರ್ಶಕವೂ ಇದೆ. ಊರು ಚಿಕ್ಕದಾದರೂ ಕೇಳುವ ಚಟ ದೊಡ್ಡದು!

ಮೊದಲೇ ಬರೆದಿಟ್ಟಿದ್ದ ಅಂಕಿ

ಜಪಾನಿನ ಕಥೆಗೆ ಹಿಂತಿರುಗೋಣ. ಕಂಪನದ ತೀವ್ರತೆ 9. ಫುಕುಶಿಮಾ ದೈಚಿ ಎಂಬ ಪರಮಾಣು ವಿದ್ಯುತ್ ಸ್ಥಾವರದ ಆರು ಘಟಕಗಳ ಪೈಕಿ ಅಂದು ಮೂರು ನಡೆಯುತ್ತಿದ್ದವು; ನೆಲ ನಡುಗಿದೊಡನೆ ಮೂರೂ ತಾವಾಗಿಯೇ ನಿಂತವು. ಆದರೆ ಪರಮಾಣು ಕುಲುಮೆಯೆಂಬುದು ಸೌದೆಯ ಒಲೆಯಂತಲ್ಲ. ಉರಿ ಆರಿಸಿದ ಮೇಲೂ ಇಂಧನ ತನ್ನೊಳಗಿನಿಂದಲೇ ಕಾಯುತ್ತಿರುತ್ತದೆ. ನಿಂತ ಗಳಿಗೆಯಲ್ಲಿ ಪೂರ್ಣ ಶಾಖದ ನೂರರಲ್ಲಿ ಆರೇಳು ಪಾಲು ಉಳಿದಿರುತ್ತದೆ. ಅದನ್ನು ತಣಿಸಲು ನೀರು ಹರಿಯುತ್ತಲೇ ಇರಬೇಕು, ನೀರು ಹರಿಯಲು ವಿದ್ಯುತ್ತು ಬೇಕು. ಕಂಪನವಾದ ಸುಮಾರು ಐವತ್ತು ನಿಮಿಷಗಳಿಗೆ ಹದಿನಾಲ್ಕು ಮೀಟರು ಎತ್ತರದ ಸಮುದ್ರ ಒಳನುಗ್ಗಿ ಡೀಸೆಲ್ ಯಂತ್ರಗಳನ್ನು ಮುಳುಗಿಸಿತು. ಮರುದಿನದಿಂದ ಮೊದಲುಗೊಂಡು ನಾಲ್ಕು ದಿನಗಳಲ್ಲಿ ಮೂರು ಕಟ್ಟಡಗಳ ಚಾವಣಿ ಜಲಜನಕದ ಸ್ಫೋಟಕ್ಕೆ ಹಾರಿದವು. ಒಂದೂವರೆ ಲಕ್ಷಕ್ಕೂ ಮಿಗಿಲಾದ ಜನ ಮನೆಮಠ ಬಿಟ್ಟರು.

ಇಷ್ಟನ್ನು ಎಲ್ಲರೂ ಓದಿದ್ದಾರೆ. ಇದಕ್ಕಿಂತ ಮನಸ್ಸನ್ನು ಕೊರೆಯುವ ಸಂಗತಿಗಳು ಇನ್ನೆರಡಿವೆ.

ಸ್ಥಾವರಕ್ಕೆ ಬರಬಹುದಾದ ಅಲೆಯ ಎತ್ತರವನ್ನು 5.7 ಮೀಟರೆಂದು ಹಿಡಿದು ಏರ್ಪಾಟು ಮಾಡಿದ್ದರು. ಆದರೆ 2008ರಲ್ಲಿಯೇ ಆ ಕಂಪನಿಯೊಳಗೆ ನಡೆದ ಲೆಕ್ಕಾಚಾರವೊಂದು 15.7 ಮೀಟರಿನವರೆಗೆ ಅಲೆ ಏಳಬಹುದೆಂದು ತೋರಿಸಿತ್ತು. ಗೋಡೆ ಎತ್ತರವಾಗಲಿಲ್ಲ. ಅಂಕಿ ಕಡತದಲ್ಲಿ ಉಳಿಯಿತು.

ಎರಡನೆಯದು ಇನ್ನೂ ನೋವಿನದು. ವಿಕಿರಣ ಬೆರೆತ ಗಾಳಿ ಯಾವ ಕಡೆ ಸಾಗುತ್ತದೆಂದು ಮುಂಚಿತವಾಗಿ ಲೆಕ್ಕ ಹಾಕುವ ಯಂತ್ರವ್ಯವಸ್ಥೆ ಜಪಾನಿನ ಸರ್ಕಾರದ ಬಳಿ ಇತ್ತು. ಅದು ನಕ್ಷೆಗಳನ್ನು ಹೊರಡಿಸುತ್ತಲೇ ಇತ್ತು. ಆ ನಕ್ಷೆ ಸಾರ್ವಜನಿಕರ ಕೈಗೆ ಬಂದದ್ದು ಮಾರ್ಚ್ 23ರಂದು, ಹನ್ನೆರಡು ದಿನಗಳ ಅನಂತರ. ಅಷ್ಟರೊಳಗೆ ನಾಮಿಯೆ ಎಂಬ ಊರಿನ ಜನ ಮಕ್ಕಳುಮರಿಗಳೊಡನೆ ತ್ಸುಶಿಮಾ ಎಂಬ ಬೆಟ್ಟದ ಕಡೆಯ ಹಳ್ಳಿಗೆ ಹೋಗಿ ಆಶ್ರಯ ಪಡೆದಿದ್ದರು. ಗಾಳಿಯೂ ಅದೇ ದಾರಿ ಹಿಡಿದಿತ್ತು. ಯಂತ್ರಕ್ಕೆ ಗೊತ್ತಿತ್ತು, ತಾಯಂದಿರಿಗೆ ಗೊತ್ತಿರಲಿಲ್ಲ.

1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಸಿಡಿದಾಗಲೂ ಹೀಗೆಯೇ. ಸೋವಿಯತ್ ಸರ್ಕಾರ ಬಾಯಿಬಿಡುವ ಮೊದಲೇ, ಎರಡು ದಿನದ ಮೇಲೆ, ಸ್ವೀಡನ್ನಿನ ಫೋರ್ಸ್‌ಮಾರ್ಕ್ ಸ್ಥಾವರದ ನೌಕರನೊಬ್ಬನ ಪಾದರಕ್ಷೆಗಳು ಮಾಪಕದ ಮುಂದೆ ಸುದ್ದಿ ಹೇಳಿದವು. ವಿಕಿರಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆಯನ್ನು ಕಂಡು ಓಡಬಹುದು, ಹೊಳೆಯ ಏರಿಕೆಯನ್ನು ಕಂಡು ಗುಡ್ಡ ಹತ್ತಬಹುದು. ಇಲ್ಲಿ ಮಾತ್ರ ಸಾಮಾನ್ಯ ಮನುಷ್ಯ ಪೂರ್ತಿಯಾಗಿ ಮತ್ತೊಬ್ಬನ ಮಾತಿನ ಮೇಲೆ ನಿಂತಿದ್ದಾನೆ. ಆ ಮತ್ತೊಬ್ಬ ತಡಮಾಡಿದರೆ ಭಯ ಊಹೆಯ ಬೆನ್ನೇರಿ ಹೊರಡುತ್ತದೆ. 2011ರ ಮಾರ್ಚಿನಲ್ಲಿ ಚೀನಾದ ಊರೂರುಗಳಲ್ಲಿ ಗೃಹಿಣಿಯರು ಅಯೋಡಿನ್ ಬೆರೆಸಿದ ಉಪ್ಪಿಗಾಗಿ ಅಂಗಡಿಗಳಿಗೆ ಮುಗಿಬಿದ್ದರು. ಅಡಿಗೆಯ ಉಪ್ಪಿನಲ್ಲಿರುವ ಅಯೋಡಿನ್ನಿನಿಂದ ವಿಕಿರಣದೆದುರು ಯಾವ ರಕ್ಷಣೆಯೂ ಇಲ್ಲವೆಂದು ಹೇಳುವವರು ಹೇಳುವಷ್ಟರಲ್ಲಿ ಅಂಗಡಿಗಳು ಬರಿದಾಗಿದ್ದವು.

ನಮಗೆ ಹತ್ತಿರದ್ದು ಯಾವುದು?

ಇದೆಲ್ಲ ಸರಿ, ಆದರೆ ಚಿಕ್ಕಬಳ್ಳಾಪುರದ ಸೀಮೆಗೂ ಪರಮಾಣು ಕುಲುಮೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕನ್ನಡಿಗರಿಗೆ ಪರಮಾಣು ಸ್ಥಾವರವೆಂದರೆ ಕೈಗಾ. ಕಾಳೀ ನದಿಯ ದಡದ ಆ ಕಾಡಿನಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ತಲಾ 700 ಮೆಗಾವಾಟಿನ ಇನ್ನೆರಡಕ್ಕೆ 2017ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಆದರೆ ಭೂಪಟವನ್ನು ತೆರೆದು ದಾರ ಹಿಡಿದು ಅಳೆದು ನೋಡಿ. ಚಿಂತಾಮಣಿಯಿಂದ ಕೈಗಾ ನಾನೂರು ಕಿಲೋಮೀಟರಿಗೂ ಆಚೆ. ತಮಿಳುನಾಡಿನ ಕಲ್ಪಾಕ್ಕಂ ಸುಮಾರು ಇನ್ನೂರೈವತ್ತು. ನಾವು ಯಾರ ಹೆಸರು ಹೇಳಿ ಹೆದರುತ್ತೇವೋ ಅದು ದೂರ, ಯಾರನ್ನು ನೆನೆಯುವುದೇ ಇಲ್ಲವೋ ಅದು ಹತ್ತಿರ! ಎರಡೂ ದೂರವೇ ಎನ್ನಿ. ನಮ್ಮ ದೇಶದಲ್ಲಿ ತುರ್ತು ಏರ್ಪಾಟಿನ ವಲಯವೆಂದು ಗುರುತಿಸುವುದು ಸ್ಥಾವರದ ಸುತ್ತಲಿನ ಹದಿನಾರು ಕಿಲೋಮೀಟರನ್ನು.

ಕಲ್ಪಾಕ್ಕಂ ಸಮುದ್ರದ ಏಟನ್ನು ಜಪಾನಿಗಿಂತ ಮೊದಲೇ ತಿಂದಿದೆ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ನೀರು ಅಲ್ಲಿನ ಪಂಪುಮನೆಗೆ ನುಗ್ಗಿತು. ನಡೆಯುತ್ತಿದ್ದ ಎರಡನೆಯ ಘಟಕವನ್ನು ಕ್ಷೇಮವಾಗಿ ನಿಲ್ಲಿಸಿದರು; ಎತ್ತರದಲ್ಲಿದ್ದ ಡೀಸೆಲ್ ಯಂತ್ರಗಳು ಒದ್ದೆಯಾಗಲಿಲ್ಲ. ವಸತಿ ಪ್ರದೇಶದಲ್ಲಿ ಪ್ರಾಣಹಾನಿಯಾಯಿತು, ಸ್ಥಾವರಕ್ಕೆ ಆಗಲಿಲ್ಲ. ಈ ಸಂಗತಿಗೆ ನಮ್ಮ ಎಂಜಿನಿಯರುಗಳು ಹೆಮ್ಮೆಪಡುವುದು ಸಹಜ, ಪಡಲಿ.

ಕೈಗಾದ ಕಥೆಯಲ್ಲಿ ಹೆಮ್ಮೆಯೂ ಉಂಟು, ಮುಜುಗರವೂ ಉಂಟು. ಅಲ್ಲಿನ ಮೊದಲ ಘಟಕ 2018ರ ಕೊನೆಯ ದಿನದವರೆಗೆ 962 ದಿನ ಒಂದೇ ಸಮನೆ ನಡೆದು ಜಗತ್ತಿನ ದಾಖಲೆ ಮಾಡಿತು. ಅದೇ ಕೈಗಾದಲ್ಲಿ 1994ರ ಮೇ 13ರಂದು, ಕಟ್ಟುತ್ತಿದ್ದ ಘಟಕದ ಗುಮ್ಮಟದ ಒಳಮೈಯ ಕಾಂಕ್ರೀಟು ಕಳಚಿ ಬಿದ್ದಿತ್ತು. ಇಂಧನವಿನ್ನೂ ಬಂದಿರಲಿಲ್ಲವೆಂಬುದು ಪುಣ್ಯ. 2009ರ ನವೆಂಬರಿನಲ್ಲಿ ನೌಕರರು ಕುಡಿಯುವ ನೀರಿನ ಶೈತ್ಯಯಂತ್ರದಲ್ಲಿ ಟ್ರಿಷಿಯಮ್ ಬೆರೆತ ಭಾರಜಲ ಸೇರಿ 55 ಮಂದಿಯ ಮೂತ್ರಪರೀಕ್ಷೆಯಲ್ಲಿ ಅದು ಕಂಡುಬಂತು. ಬಹುಪಾಲು ಮಂದಿಯ ಪ್ರಮಾಣ ಮಿತಿಯೊಳಗಿತ್ತು. ಒಳಗಿನವರೇ ಯಾರೋ ಬೇಕೆಂದು ಬೆರೆಸಿದ್ದೆಂದು ಅಧಿಕಾರಿಗಳೇ ಹೇಳಿದರು. ಭೂಕಂಪಕ್ಕೂ ಪ್ರವಾಹಕ್ಕೂ ಗೋಡೆ ಕಟ್ಟಬಹುದು. ನೀರಿನ ಪಾತ್ರೆಯ ಹತ್ತಿರ ಸುಳಿಯುವ ಕೈಗೆ ಯಾವ ಗೋಡೆ?

ಇಂಥ ಪ್ರಶ್ನೆಗಳನ್ನು ಸ್ಥಾವರ ಏಳುವ ಮುಂಚೆಯೇ ಕೇಳಿದವರು ಶಿವರಾಮ ಕಾರಂತರು. 1989ರ ಲೋಕಸಭಾ ಚುನಾವಣೆಯಲ್ಲಿ, ತಮ್ಮ 87ನೆಯ ವಯಸ್ಸಿನಲ್ಲಿ, ಕೈಗಾ ಬೇಡವೆಂಬುದೊಂದನ್ನೇ ಹಿಡಿದು ಉತ್ತರ ಕನ್ನಡದಲ್ಲಿ ನಿಂತರು. ಸೋತರು. ಕಾಳಿಯ ಮೇಲ್ಭಾಗದ ಅಣೆಕಟ್ಟುಗಳಿಗೆ ಏನಾದರೂ ಆದರೆ ಎಂಬ ಆ ಕಾಲದ ಆತಂಕವನ್ನು ಅಂದು ಕೆಲವರು ಗೇಲಿ ಮಾಡಿದ್ದುಂಟು. ಫುಕುಶಿಮಾದ ಅನಂತರ ದೇಶದ ಎಲ್ಲ ಸ್ಥಾವರಗಳಲ್ಲಿಯೂ ನೀರು ನುಗ್ಗಿದರೆ, ವಿದ್ಯುತ್ತು ಕಡಿದರೆ ಗತಿಯೇನೆಂದು ಸರ್ಕಾರವೇ ಸಮಿತಿ ಮಾಡಿ ನೋಡಬೇಕಾಯಿತು.

ಚಿನ್ನ ತೆಗೆದ ಗುಹೆ

ಫುಕುಶಿಮಾದ ಭಯ ನಮ್ಮ ಸೀಮೆಯ ಬಾಗಿಲಿಗೆ ಬಂದದ್ದು ಮಾತ್ರ ಕೈಗಾದಿಂದಲೂ ಅಲ್ಲ, ಕಲ್ಪಾಕ್ಕಮಿನಿಂದಲೂ ಅಲ್ಲ. ಅದು ಬಂದದ್ದು ತಮಿಳುನಾಡಿನ ತುದಿಯ ಕೂಡಂಕುಳಮಿನಿಂದ, ದೆಹಲಿಯ ಮಾರ್ಗವಾಗಿ.

2011ರಿಂದ ಕೂಡಂಕುಳಂ ಬಳಿಯ ಬೆಸ್ತರ ಹಳ್ಳಿಗಳಲ್ಲಿ ದೊಡ್ಡ ಚಳವಳಿ ನಡೆದಿತ್ತು. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. ಸುಟ್ಟುಳಿದ ಇಂಧನವನ್ನು ಕೊನೆಗೆ ಎಲ್ಲಿಡುತ್ತೀರಿ ಎಂಬ ಪ್ರಶ್ನೆ ಎದ್ದಾಗ, 2012ರ ನವೆಂಬರಿನಲ್ಲಿ, ಕೋಲಾರದ ಮುಚ್ಚಿದ ಚಿನ್ನದ ಗಣಿಯ ಹೆಸರು ಹೊರಬಿತ್ತು. ಮರುದಿನದ ಪತ್ರಿಕೆಗಳಲ್ಲಿ ಅದೇ ದೊಡ್ಡ ಅಕ್ಷರ. ಚಿನ್ನದ ಗಣಿಯ ಊರು ಬೀದಿಗಿಳಿಯಿತು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳು ಪ್ರತ್ಯೇಕ ಜಿಲ್ಲೆಗೆ ಸೇರಿದ್ದು 2007ರಲ್ಲಿ. ಅದಕ್ಕೆ ಮೊದಲು ಎಲ್ಲವೂ ಕೋಲಾರವೇ. ಚಿಂತಾಮಣಿಯಿಂದ ಆ ಗಣಿ ಗಾಳಿಯ ದಾರಿಯಲ್ಲಿ ಐವತ್ತೈದು ಕಿಲೋಮೀಟರು. ಜಿಲ್ಲೆಯ ಗಡಿಗೆರೆ ಬದಲಾದ ಮಾತ್ರಕ್ಕೆ ನೆಲದಡಿಯ ನೀರಿನ ಸೆಲೆ ಬದಲಾಗುವುದೇ?

ಇಲಾಖೆಯವರು ಕೂಡಲೇ ಸ್ಪಷ್ಟನೆ ಕೊಟ್ಟರು: ಕೋಲಾರದಲ್ಲಿ ತ್ಯಾಜ್ಯವನ್ನಿಡುವ ಯೋಜನೆ ಯಾವುದೂ ಇಲ್ಲ. ಇದು ನಿಜ. ಇಲ್ಲಿಯವರೆಗೂ ಅಲ್ಲಿ ಏನನ್ನೂ ಇಟ್ಟಿಲ್ಲ. ನಮ್ಮ ದೇಶದ ಪದ್ಧತಿಯಲ್ಲಿ ಸುಟ್ಟ ಇಂಧನವನ್ನು ಮೊದಲು ವರ್ಷಗಟ್ಟಲೆ ನೀರಿನ ಕೊಳದಲ್ಲಿ ಇಟ್ಟು, ಅನಂತರ ಸಂಸ್ಕರಿಸಿ, ಉಳಿದ ಉಗ್ರ ದ್ರವವನ್ನು ಗಾಜಿನೊಡನೆ ಕರಗಿಸಿ ಗಟ್ಟಿಮಾಡಿ ಉಕ್ಕಿನ ಡಬ್ಬಿಗಳಲ್ಲಿ ಮುಚ್ಚುತ್ತಾರೆ. ಆದರೆ ಗಣಿಯ ಹೆಸರು ಗಾಳಿಯಿಂದ ಉದುರಿದ್ದೂ ಅಲ್ಲ. 1980ರ ದಶಕದಲ್ಲಿ ಭಾಭಾ ಪರಮಾಣು ಸಂಶೋಧನ ಕೇಂದ್ರದವರು ಅದೇ ಗಣಿಯಲ್ಲಿ, ಸುಮಾರು ಒಂದು ಸಾವಿರ ಮೀಟರು ಆಳದಲ್ಲಿ, ಬಂಡೆಗೆ ಶಾಖ ಕೊಟ್ಟು ಅದು ಹೇಗೆ ತಾಳುತ್ತದೆಂದು ಪರೀಕ್ಷೆ ಮಾಡಿದ್ದರು. ವಿಕಿರಣ ವಸ್ತು ಅಲ್ಲಿರಲಿಲ್ಲ, ಬರಿಯ ಕಾವು. ಆ ಪರೀಕ್ಷೆ ಹಲವು ವರ್ಷ ನಡೆಯಿತು. ಊರಿನವರಿಗೆ ಅದರ ಅರ್ಥವನ್ನು ಆಗಲೇ ತಿಳಿಯ ಹೇಳಿದ್ದರೆ 2012ರಲ್ಲಿ ಒಂದು ಹೆಸರು ಇಷ್ಟು ಉರಿಯುತ್ತಿರಲಿಲ್ಲವೆಂದು ನಮಗೆ ತೋರುತ್ತದೆ.

ಗಣಿಯ ಜನರ ಮಾತಿನಲ್ಲಿ ತೂಕವಿತ್ತು. ಅವರು ಅಜ್ಜನ ಕಾಲದಿಂದ ಆ ಬಂಡೆಯೊಳಗೆ ದುಡಿದವರು. ಮೂರು ಕಿಲೋಮೀಟರಿಗೂ ಆಳವಾದ ಆ ಗಣಿಯಲ್ಲಿ ಒತ್ತಡ ತಾಳಲಾರದೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುತ್ತಿದ್ದುದನ್ನು, ಜೊತೆಯವರು ಅದರಡಿ ಸಿಕ್ಕಿದ್ದನ್ನು ಕಂಡವರು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದ ಮೇಲೆ ಸುರಂಗಗಳಲ್ಲಿ ನೀರು ತುಂಬಿತು. ಊರಿನ ನಡುವೆ ಸಯನೈಡಿನ ದಿಬ್ಬಗಳು ನಿಂತಿವೆ; ಗಾಳಿಯ ದಿನಗಳಲ್ಲಿ ಅವುಗಳ ಧೂಳು ಮನೆಯ ಒಳಗೆ. ಚಿನ್ನ ಒಯ್ದವರು ದಿಬ್ಬವನ್ನು ಒಯ್ಯಲಿಲ್ಲ. ಹೀಗಿರುವವರಿಗೆ, ಇನ್ನೊಂದನ್ನು ತಂದು ಇಡುವುದಿಲ್ಲ ನಂಬಿ ಎಂದರೆ ಯಾವ ಆಧಾರದ ಮೇಲೆ ನಂಬಬೇಕು?

ಮೇಲ್ವಿಚಾರಣೆ ಮಾಡಬೇಕಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ 1983ರಲ್ಲಿ ಹುಟ್ಟಿದ್ದು ಸರ್ಕಾರದ ಒಂದು ಆಜ್ಞೆಯಿಂದ. ಅದಕ್ಕೆ ಸಾಕಷ್ಟು ಸ್ವಾತಂತ್ರ್ಯವಿಲ್ಲವೆಂದು ದೇಶದ ಮಹಾಲೆಕ್ಕಪರಿಶೋಧಕರೇ 2012ರಲ್ಲಿ ಬರೆದರು, ಕೋಲಾರದ ಗದ್ದಲಕ್ಕೆ ಮೂರು ತಿಂಗಳು ಮುಂಚೆ. 2025ರ ಡಿಸೆಂಬರಿನಲ್ಲಿ ಸಂಸತ್ತು ಹೊಸ ಕಾಯಿದೆ ಮಾಡಿ ಮಂಡಳಿಗೆ ಶಾಸನದ ಸ್ಥಾನ ಕೊಟ್ಟಿತು. ಜೊತೆಗೇ ಖಾಸಗಿ ಕಂಪನಿಗಳಿಗೂ ಈ ಕ್ಷೇತ್ರದ ಬಾಗಿಲು ತೆರೆಯಿತು.

ಮೂಟೆಗೊಂದು ಪರೀಕ್ಷೆ

ರೇಷ್ಮೆಗೂಡಿನ ಊರಿನವರಿಗೆ ಜಪಾನಿನ ಇನ್ನೊಂದು ಸಂಗತಿ ಬೇಗ ಅರ್ಥವಾದೀತು. ಫುಕುಶಿಮಾ ಬರಿಯ ಸ್ಥಾವರದ ಹೆಸರಲ್ಲ, ಅದೊಂದು ಪ್ರಾಂತದ ಹೆಸರು. ಅಕ್ಕಿಗೂ ಪೀಚ್ ಹಣ್ಣಿಗೂ ಹೆಸರಾದ ಸೀಮೆ. ಸ್ಥಾವರದಿಂದ ಎಷ್ಟೋ ದೂರದಲ್ಲಿದ್ದ ರೈತನ ಹಣ್ಣನ್ನೂ ಪೇಟೆಯವರು ಮುಟ್ಟಲಿಲ್ಲ. ಗಾಳಿಮಾತಿನ ನಷ್ಟಕ್ಕೆ ಜಪಾನಿಯರಲ್ಲಿ ಪ್ರತ್ಯೇಕ ಪದವೇ ಇದೆ. ಶಿಡ್ಲಘಟ್ಟದ ಗೂಡಿನ ಬಗೆಗೆ, ಚಿಕ್ಕಬಳ್ಳಾಪುರದ ದ್ರಾಕ್ಷಿಯ ಬಗೆಗೆ ಇಂಥದೊಂದು ಮಾತು ಹುಟ್ಟಿತೆಂದು ಊಹಿಸಿ ನೋಡಿ. ಸಾಲ ಮಾಡಿ ಹುಳು ಸಾಕಿದವನಿಗೆ ಒಂದು ವಾರದ ಮಾರುಕಟ್ಟೆ ಕೆಟ್ಟರೂ ಸಾಕು.

ಅಲ್ಲಿಯವರು ಏನು ಮಾಡಿದರು? 2012ರ ಬೆಳೆಯಿಂದ ಫುಕುಶಿಮಾದ ಅಕ್ಕಿಯನ್ನು ಮೂಟೆ ಮೂಟೆಯಾಗಿ ಯಂತ್ರದ ಕೆಳಗೆ ಸಾಗಿಸಿ ಪರೀಕ್ಷಿಸಿದರು. ಮಾದರಿಗೆಂದು ಒಂದೆರಡಲ್ಲ, ಪ್ರತಿಯೊಂದು ಮೂಟೆ. ವರ್ಷಕ್ಕೆ ಕೋಟಿಯ ಹತ್ತಿರ. ಕಿಲೋಗ್ರಾಮಿಗೆ 100 ಬೆಕೆರೆಲ್ ಮೀರಿದ್ದು ಪೇಟೆಗೆ ಹೋಗಕೂಡದು. ಇನ್ನೊಂದೆಡೆ ಸಾಮಾನ್ಯ ನಾಗರಿಕರೇ ಚಿಕ್ಕ ಮಾಪಕಗಳನ್ನು ಕಾರುಗಳಿಗೆ ಕಟ್ಟಿಕೊಂಡು ಬೀದಿ ಬೀದಿ ಅಳೆದು ನಕ್ಷೆ ಮಾಡಿದರು. ವರ್ಷಗಳು ಹಿಡಿದವು. ಅಕ್ಕಿ ಮತ್ತೆ ಅಂಗಡಿಗೆ ಬಂತು.

ನಮ್ಮ ಬಾವಿಯ ಲೆಕ್ಕ

ಅಳತೆಯ ಮಾತು ಬಂದಾಗ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಡಾ. ಎಚ್. ನರಸಿಂಹಯ್ಯನವರು ನೆನಪಾಗುತ್ತಾರೆ. ಅವರನ್ನು ಗಾಂಧಿವಾದಿಯೆಂದೂ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿದ ಕುಲಪತಿಯೆಂದೂ ಎಲ್ಲರೂ ಬಲ್ಲರು. ಅವರು ಅಮೆರಿಕದ ಒಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದದ್ದು ಪರಮಾಣು ಬೀಜ ಭೌತವಿಜ್ಞಾನದಲ್ಲಿ ಎಂಬುದು ಅಷ್ಟಾಗಿ ನೆನಪಿನಲ್ಲಿಲ್ಲ. ಅವರಿದ್ದಿದ್ದರೆ ಈಗ ಯಾವ ಪ್ರಶ್ನೆ ಕೇಳುತ್ತಿದ್ದರೋ. ಪ್ರಾಯಶಃ ಕೈಗಾವನ್ನೂ ಕೋಲಾರವನ್ನೂ ಬದಿಗಿಟ್ಟು ನಮ್ಮ ಕೊಳಾಯಿಯ ನೀರನ್ನು ತೋರಿಸುತ್ತಿದ್ದರು.

ಏಕೆಂದರೆ ಈ ಸೀಮೆಯಲ್ಲಿ ವಿಕಿರಣದ ಧಾತು ಮನೆಯೊಳಗೇ ಇದೆ. ನಂದಿಬೆಟ್ಟದಿಂದ ಹಿಡಿದು ಇಲ್ಲಿನ ಬೆಣಚು ಬಂಡೆಗಳಲ್ಲಿ ಯುರೇನಿಯಮ್ ಸ್ವಲ್ಪ ಸ್ವಲ್ಪ ಹುದುಗಿದೆ. ಯಾವ ಸ್ಥಾವರವೂ ತಂದು ಸುರಿದದ್ದಲ್ಲ. ಬೆಟ್ಟ ಹುಟ್ಟಿದಾಗಿನಿಂದ ಇರುವುದು. ನಿತ್ಯ ಹರಿಯುವ ನದಿ ನಮಗಿಲ್ಲ. ಕೆರೆಗಳು ಒಣಗಿದವು, ತೆರೆದ ಬಾವಿಗಳು ಬತ್ತಿದವು, ಕೊಳವೆಬಾವಿಗಳು ಸಾವಿರ ಅಡಿ ದಾಟಿದವು. ಬಂಡೆಯ ಸೀಳುಗಳಲ್ಲಿ ಬಹುಕಾಲ ನಿಂತ ನೀರು ಬಂಡೆಯನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಫ್ಲೋರೈಡಿನ ಕಥೆ ಹಳೆಯದು. ಅದರ ಜೊತೆಯ ಪ್ರಯಾಣಿಕ ಇದು.

ಪೂರ್ವ ಕರ್ನಾಟಕದ 73 ಹಳ್ಳಿಗಳ ಅಂತರ್ಜಲವನ್ನು ಪರೀಕ್ಷಿಸಿದ ಆರ್. ಶ್ರೀನಿವಾಸನ್ ಮತ್ತು ಸಂಗಡಿಗರ ಅಧ್ಯಯನ 2021ರ ಡಿಸೆಂಬರಿನಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 30 ಮೈಕ್ರೊಗ್ರಾಮ್. 57 ಹಳ್ಳಿಗಳ ನೀರು ಅದನ್ನು ಮೀರಿತ್ತು. ನಮ್ಮ ಪರಮಾಣು ನಿಯಂತ್ರಣ ಮಂಡಳಿಯ ಮಿತಿ ಇನ್ನೂ ಉದಾರ, 60. ಅದನ್ನೂ 48 ಹಳ್ಳಿಗಳು ಮೀರಿದ್ದವು. ಗಮನಿಸಿ, ಇಲ್ಲಿ ಮುಖ್ಯ ಕಾಟ ವಿಕಿರಣದ್ದಲ್ಲ. ಯುರೇನಿಯಮ್ ಒಂದು ಭಾರಲೋಹ. ದಿನವೂ ಕುಡಿದರೆ ಪೆಟ್ಟು ಮೊದಲು ಬೀಳುವುದು ಮೂತ್ರಪಿಂಡಕ್ಕೆ.

ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಗಣಿಯಲ್ಲಿ ಇಲ್ಲದ ತ್ಯಾಜ್ಯಕ್ಕಾಗಿ ಊರು ಎದ್ದು ನಿಂತಿತು. ಬಾವಿಯಲ್ಲಿರುವ ಯುರೇನಿಯಮ್ಮಿಗೆ ನಾಲ್ಕು ದಿನದ ಸುದ್ದಿಯಷ್ಟೇ. ಇದಕ್ಕೆ ಜನರನ್ನು ದೂರಲು ನಮಗೆ ಮನಸ್ಸಿಲ್ಲ. ಗಣಿಯ ಸುದ್ದಿ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬಂತು. ಬಾವಿಯ ಲೆಕ್ಕ ಬಂದದ್ದು ಇಂಗ್ಲಿಷಿನಲ್ಲಿ, ವಿಜ್ಞಾನಿಗಳು ವಿಜ್ಞಾನಿಗಳಿಗಾಗಿ ಬರೆದ ಪತ್ರಿಕೆಯಲ್ಲಿ. ಅದನ್ನು ಹೊತ್ತು ಶಿಡ್ಲಘಟ್ಟದ ಹಳ್ಳಿಯ ಜಗಲಿಯವರೆಗೆ ನಡೆದುಬರಬೇಕಾದವರು ಯಾರು ಎಂಬುದು ಯಾರ ಕೆಲಸದ ಪಟ್ಟಿಯಲ್ಲಿಯೂ ಇದ್ದಂತಿಲ್ಲ.

ಮನೆವಾರ್ತೆ ನೋಡುವ ಹೆಂಗಸರಿಗೆ ಇಷ್ಟು ತಿಳಿದಿರಲಿ. ನೀರನ್ನು ಕುದಿಸುವುದರಿಂದ ಯುರೇನಿಯಮ್ ಹೋಗುವುದಿಲ್ಲ. ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗದು. ಪೊರೆಯ ಮೂಲಕ ಒತ್ತಿ ಶುದ್ಧಿ ಮಾಡುವ ಆರ್‌ಓ ಯಂತ್ರ ಅದರ ಬಹುಭಾಗವನ್ನು ತೆಗೆಯುತ್ತದೆ, ಪೊರೆಯನ್ನು ಕಾಲಕಾಲಕ್ಕೆ ಬದಲಿಸುತ್ತಿದ್ದರೆ. ಮಳೆನೀರಿನಲ್ಲಿ ಈ ಕಾಟವೇ ಇಲ್ಲ. ಹಳ್ಳಿಗಳಲ್ಲಿ ನೀರು ನೋಡುವ ಸಾಮಾನ್ಯ ಪೆಟ್ಟಿಗೆಯಲ್ಲಿ ಗಡಸುತನ, ಫ್ಲೋರೈಡ್, ನೈಟ್ರೇಟ್ ತಿಳಿಯಬಹುದು, ಯುರೇನಿಯಮ್ ತಿಳಿಯದು. ಅದಕ್ಕೆ ಬೇರೆ ಯಂತ್ರ ಬೇಕು. ಆದ್ದರಿಂದ ನೀರನ್ನು ಪರೀಕ್ಷೆಗೆ ಕೊಡುವಾಗ ಆ ಹೆಸರನ್ನು ಬರೆದು ಕೇಳಬೇಕು.

ಗೌರಿಬಿದನೂರಿನಿಂದ ಹಿಂತಿರುಗುವ ದಾರಿಯಲ್ಲಿ, ಯಾವ ಹಳ್ಳಿಯಲ್ಲಿ ಇಳಿದರೂ ಶುದ್ಧ ಕುಡಿಯುವ ನೀರಿನ ಘಟಕವೊಂದು ಕಣ್ಣಿಗೆ ಬೀಳುತ್ತದೆ. ನೀಲಿ ಬಣ್ಣ, ನಾಣ್ಯ ಹಾಕುವ ಕಿಂಡಿ, ಸಾಲುಗಟ್ಟಿದ ಕ್ಯಾನುಗಳು. ಗೋಡೆಯ ಮೇಲೆ ಉದ್ಘಾಟಿಸಿದವರ ಹೆಸರಿರುತ್ತದೆ, ಇಪ್ಪತ್ತು ಲೀಟರಿಗೆ ಎಷ್ಟು ರೂಪಾಯಿ ಎಂದಿರುತ್ತದೆ. ಪೊರೆಯನ್ನು ಯಾವ ತಾರೀಖಿನಂದು ಬದಲಿಸಿದರು, ಒಳಗೆ ಹೋಗುವ ನೀರಿನಲ್ಲಿ ಯುರೇನಿಯಮ್ ಎಷ್ಟು, ಹೊರಬರುವ ನೀರಿನಲ್ಲಿ ಎಷ್ಟು ಎಂಬ ಎರಡು ಸಾಲಿಗೆ ಅದೇ ಗೋಡೆಯಲ್ಲಿ ಬೇಕಾದಷ್ಟು ಜಾಗವಿದೆ.